ಶೂಲದ ದಿನ್ನೆಯ ಮೂರು ಆಣೆ

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಚಿಂತಾಮಣಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಫೋನು ಬಂತು. ಮಾತಾಡಿದವಳು ಶಿಲ್ಪ, ಎರಡು ವರ್ಷದ ಹಿಂದೆ ಸರ್ವೆ ಕೆಲಸಕ್ಕೆ ಸೇರಿದ ಹುಡುಗಿ. ಅವಳ ತರಬೇತಿಯ ಸಮಯದಲ್ಲಿ ನಿವೃತ್ತನಾದ ನನ್ನನ್ನು ಕರೆಸಿ ಒಂದು ಗಂಟೆ ಮಾತಾಡಿಸಿದ್ದರು. ಆವತ್ತು ತೂಕಡಿಸದೆ ಕೇಳಿದವಳು ಇವಳೊಬ್ಬಳೇ ಎಂದು ನನ್ನ ನೆನಪು.

"ಸಾರ್, ನೀವು ನೆಡಿಸಿದ್ದ ಒಂದು ಟ್ರೈಜಂಕ್ಷನ್ ಕಲ್ಲು ತಪ್ಪಿದೆ ಸಾರ್. ಅದೇ, ಮೂರೂರ ಗಡಿ ಕೂಡೋ ಜಾಗದ್ದು. ರೋವರ್‌ನಲ್ಲಿ ಒಂದು ಮೀಟರ್ ಎಂಬತ್ತೆಂಟು ಸೆಂಟಿಮೀಟರ್ ವ್ಯತ್ಯಾಸ ಬರ್ತಿದೆ. ನಕ್ಷೆ ಮೇಲೆ ನಿಮ್ಮ ಸಹಿ ಇದೆ. ಸರಿ ಮಾಡ್ಬಿಡ್ಲಾ?"

ಯಾವ ಕಲ್ಲು ಎಂದು ನಾನು ಕೇಳಲಿಲ್ಲ. ಒಂದು ಮೀಟರ್ ಎಂಬತ್ತೆಂಟು ಎಂದರೆ ಆರು ಅಡಿ ಎರಡು ಅಂಗುಲ. ನಮ್ಮ ಹಳೆಯ ಸರಪಳಿಯ ಲೆಕ್ಕದಲ್ಲಿ ಮೂರು ಆಣೆ. ಆ ಮೂರು ಆಣೆ ನನಗೆ ನನ್ನ ಮಕ್ಕಳು ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿದೆ.

"ಯುಗಾದಿ ಅಮಾವಾಸ್ಯೆವರೆಗೆ ಅದನ್ನ ಮುಟ್ಟಬೇಡ ಕಣಮ್ಮ. ಅಷ್ಟರಲ್ಲಿ ನಾನು ಎಲ್ಲಾ ಬರೆದು ಕಳಿಸ್ತೀನಿ. ಓದಿ ಆಮೇಲೆ ನಿನಗೆ ಸರಿ ಕಂಡಂಗೆ ಮಾಡು" ಎಂದೆ. ಅವಳಿಗಾಗಿ ಬರೆಯಲು ಕೂತದ್ದು ಇದು. ಈ ಕೆಲಸಕ್ಕೆ ಹೊಸದಾಗಿ ಸೇರಿದ ಉಳಿದವರೂ ಓದಲಿ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದೆಲ್ಲ ಇದರಲ್ಲಿಲ್ಲ. ಅದರಿಂದ ಯಾರಿಗೂ ಪ್ರಯೋಜನವಿಲ್ಲ, ನನಗೂ ಆಗಲಿಲ್ಲ.

ಮೊದಲು ಸರಪಳಿಯ ವಿಷಯ. ಈಗ ನೀವು ಹಿಡಿಯುವ ರೋವರ್ ಉಪಗ್ರಹವನ್ನು ಕೇಳಿ ಜಾಗ ಹೇಳುತ್ತದೆ. ನಾವು ಸೇರಿದಾಗ ಇದ್ದದ್ದು ಮೂವತ್ತಮೂರು ಅಡಿಯ ಕಬ್ಬಿಣದ ಸರಪಳಿ. ಅದನ್ನು ಹದಿನಾರು ಆಣೆಯಾಗಿ ಭಾಗ ಮಾಡಿರುತ್ತಿದ್ದರು. ಒಂದು ಆಣೆ ಎಂದರೆ ಎರಡು ಅಡಿಗಿಂತ ಚೂರು ಹೆಚ್ಚು. ಬಿಸಿಲಿಗೆ ಅದು ಕೈ ಸುಡುತ್ತಿತ್ತು, ಜಾಲಿ ಮುಳ್ಳಿಗೆ ಸಿಕ್ಕಿಕೊಳ್ಳುತ್ತಿತ್ತು, ಒಂದು ಕೊಂಡಿ ಬಾಗಿದರೆ ಇಡೀ ಹೊಲ ಬಾಗುತ್ತಿತ್ತು.

ಹಾಗೆ ಬಾಗಿಯೂ ಇತ್ತು. ಗೌರಿಬಿದನೂರು ಕಡೆಯ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರ ಹೊಲ ಭಾಗ ಮಾಡಿ, ಇಬ್ಬರಿಂದಲೂ ಹೊಗಳಿಸಿಕೊಂಡು, ಮುದ್ದೆ ಉಂಡು ಬಂದಿದ್ದೆ. ಮರುದಿನ ಸರಪಳಿ ನೋಡಿದರೆ ಎರಡು ಕೊಂಡಿ ಬಾಗಿವೆ. ನಮ್ಮ ಮೇಲ್ವಿಚಾರಕರಿಗೆ ಹೇಳಿದೆ. ಅವರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಕಡ್ಡಿಯಂಥ ಮನುಷ್ಯ, ಅರ್ಧ ಆಣೆ ತಪ್ಪಿದರೂ ಇಡೀ ನಕ್ಷೆ ಹರಿದು ಕೈಗೆ ಕೊಡುವ ಜಾತಿ. ಗುಟ್ಟಾಗಿ ಹೋಗಿ ಕಲ್ಲು ಸರಿಸಿ ಬರುತ್ತೇನೆ ಎಂದದ್ದಕ್ಕೆ ಅವರು ಕನ್ನಡಕದ ಮೇಲಿಂದ ನೋಡಿದರು.

"ನೀನು ಅಳೀವಾಗ ಎಷ್ಟು ಜನ ನಿಂತು ನೋಡ್ತಿದ್ರೋ?"

"ಇಪ್ಪತ್ತು ಮೂವತ್ತು ಜನ ಇರಬಹುದು ಸಾರ್."

"ಅಷ್ಟೂ ಜನರನ್ನ ಸೇರಿಸು. ಅವರ ಎದುರಿಗೆ ತಪ್ಪಾಯ್ತು ಅನ್ನು. ಆಮೇಲೆ ಅಳಿ."

ಹಾಗೇ ಮಾಡಿದೆ. ಅವಮಾನದಿಂದ ಕಿವಿ ಬಿಸಿಯಾಗಿತ್ತು. ರಾಯರದು ಇನ್ನೊಂದು ನಿಯಮವಿತ್ತು. ಯಾವ ಊರಿಗೇ ಹೋಗಲಿ, ಬಾವುಟದ ಕೋಲು ನೆಲಕ್ಕೆ ಊರುವ ಮುಂಚೆ ಆ ಊರಿನ ಒಂದು ಮನೆಯಲ್ಲಿ ನೀರು ಕೇಳಿ ಕುಡಿಯಬೇಕು. ಸಾಧ್ಯವಾದರೆ ಮುದುಕಿಯರಿರುವ ಮನೆಯಲ್ಲಿ. ನೀರು ಕೊಡುವಾಗ ಅವರು ನಾಲ್ಕು ಮಾತಾಡುತ್ತಾರೆ, ಆ ನಾಲ್ಕು ಮಾತು ಯಾವ ಟಿಪ್ಪಣಿ ಪುಸ್ತಕದಲ್ಲೂ ಇರುವುದಿಲ್ಲ ಎನ್ನುತ್ತಿದ್ದರು. ಟಿಪ್ಪಣಿ ಪುಸ್ತಕ ಎಂದರೆ ಪ್ರತಿ ಹೊಲದ ಹಳೆಯ ಅಳತೆ ಬರೆದಿಟ್ಟ ದಾಖಲೆ. ನಾನು ಈ ನೀರಿನ ನಿಯಮವನ್ನು ನೂರಾರು ಊರಲ್ಲಿ ಪಾಲಿಸಿದ್ದೇನೆ. ಒಂದು ಊರಲ್ಲಿ ಪಾಲಿಸಲಿಲ್ಲ.

ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವೆ, ದಾರಿಯಿಂದ ಒಳಗೆ ಆ ಜಾಗವಿದೆ. ಊರುಗಳ ಹೆಸರು ಬರೆಯುವುದಿಲ್ಲ. ಕೆಳಗಿನೂರು, ಮೇಲಿನೂರು, ಆಚೆಯೂರು ಎಂದುಕೊಳ್ಳಿ. ಮೂರೂ ಊರಿನ ಗಡಿ ಒಂದು ಬೋಳು ದಿನ್ನೆಯ ಮೇಲೆ ಕೂಡುತ್ತದೆ. ಅಲ್ಲಿದ್ದ ಗಡಿಕಲ್ಲು ಎಷ್ಟೋ ಕಾಲದಿಂದ ಕಾಣೆಯಾಗಿತ್ತು. ದಾಖಲೆ ಹಿಡಿದು ಜಾಗ ಗುರುತಿಸಿ ಹೊಸ ಕಲ್ಲು ನೆಡಬೇಕು ಎಂದು ನನಗೆ ಆದೇಶವಾಯಿತು. ಯುಗಾದಿಗೆ ಇನ್ನೂ ಎರಡು ವಾರವಿತ್ತು. ಬಸ್ಸು ತಡವಾಗಿ, ತಲೆ ಕೆಟ್ಟು, ನೀರು ಗೀರು ಆಮೇಲೆ ನೋಡೋಣ ಎಂದು ನೇರ ದಿನ್ನೆಗೆ ಹತ್ತಿದೆ. ಜೊತೆಗೆ ಸರಪಳಿ ಎಳೆಯುವ ಮುನಿಶಾಮಪ್ಪ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಆ ಸೀಮೆಯವನೇ. ದಾರಿಯುದ್ದಕ್ಕೂ ಮಾತಾಡುತ್ತಿದ್ದವನು ಕೆಳಗಿನೂರು ದಾಟುತ್ತಲೇ ಬಾಯಿ ಮುಚ್ಚಿಕೊಂಡ.

ಆಗ ನಾನು ಗಮನಿಸಬೇಕಿದ್ದದ್ದನ್ನು ಗಮನಿಸಿದೆ, ಆದರೆ ಯೋಚಿಸಲಿಲ್ಲ. ಕೆಳಗಿನೂರಿನ ಯಾವ ಮನೆಗೂ ದಿನ್ನೆಯ ಕಡೆಗೆ ಬಾಗಿಲಿಲ್ಲ, ಕಿಟಕಿಯಿಲ್ಲ. ಬೀದಿಗೆ ಬೆನ್ನು ಮಾಡಬೇಕಾಗಿ ಬಂದರೂ ಸರಿ, ದಿನ್ನೆಯ ಕಡೆಗೆ ಬರೀ ಗೋಡೆ. ಊರ ಕೊನೆಯ ಒಂದೇ ಒಂದು ಮನೆಯ ಬಾಗಿಲು ಮಾತ್ರ ನೆಟ್ಟಗೆ ದಿನ್ನೆಯನ್ನೇ ನೋಡುತ್ತಿತ್ತು. ಹೊಸ್ತಿಲ ಮೇಲೆ ಒಬ್ಬ ಮುದುಕಿ ಕೂತಿದ್ದಳು.

ದಿನ್ನೆಯ ನೆತ್ತಿಯಲ್ಲಿ ಒಂದು ಚಪ್ಪಟೆ ಬಂಡೆ, ಅದರ ನಡುವೆ ಗುಂಡಗೆ ಕೊರೆದ ಒಂದು ಗುಳಿ. ಮುಷ್ಟಿ ಹಿಡಿಯುವಷ್ಟು ಅಗಲ, ಮೊಳದುದ್ದ ಆಳ. ಯಾವುದೋ ಹಳೆಯ ದೀಪದ ಕಂಬದ್ದಿರಬೇಕು ಎಂದುಕೊಂಡೆ. ಮೂರೂರ ಕಡೆಯಿಂದಲೂ ದುರ್ಬೀನಿನಲ್ಲಿ ನೋಡಿ ಗುರಿ ಹಿಡಿಯಲು ಒಂದು ಎತ್ತರದ ಗುರುತು ಬೇಕಿತ್ತು. ನಮ್ಮ ಬಾವುಟದ ಕೋಲು ನಿಮಗೆ ಗೊತ್ತು: ಕೆಂಪು ಬಿಳಿ ಪಟ್ಟೆ, ತುದಿಗೆ ಕೆಂಪು ಬಟ್ಟೆ, ಬುಡಕ್ಕೆ ಚೂಪು ಕಬ್ಬಿಣ. ಮುನಿಶಾಮಪ್ಪ ಗೂಟ ಹೊಡೆಯಲು ಆಚೆ ಹೋಗಿದ್ದ. ನಾನು ಕೋಲನ್ನು ಗುಳಿಗೆ ಇಳಿಸಿದೆ. ಅದಕ್ಕೆಂದೇ ಮಾಡಿಸಿದ ಹಾಗೆ ಕೂತಿತು. ನಾಲ್ಕು ಕಲ್ಲು ಚೂರು ಬಿಗಿದ ಮೇಲೆ ಅಲ್ಲಾಡಲೂ ಇಲ್ಲ. ಸಂತೋಷಪಟ್ಟೆ.

ದಿನ್ನೆ ಇಳಿದು ದುರ್ಬೀನಿನ ಯಂತ್ರ ನಿಲ್ಲಿಸಿದ ಜಾಗಕ್ಕೆ ಬಂದೆ. ಮಟಮಟ ಮಧ್ಯಾಹ್ನ. ಮುನಿಶಾಮಪ್ಪ ತಿರುಗಿ ನೋಡಿದವನೇ ಕೈಯ ಸುತ್ತಿಗೆ ಕೆಳಗೆ ಬಿಟ್ಟ.

"ಅಯ್ಯೋ ಸ್ವಾಮಿ, ಏನ್ ಮಾಡ್ಬಿಟ್ರಿ? ಅದು ಶೂಲದ ಕಲ್ಲು ಸ್ವಾಮಿ."

ಅಷ್ಟು ಹೇಳಿ ಅವನು ದಿನ್ನೆಗೆ ಬೆನ್ನು ತಿರುಗಿಸಿ ನಿಂತುಬಿಟ್ಟ. ನಾನು ಸುತ್ತ ನೋಡಿದೆ. ಕೆಳಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ನೆಟ್ಟಗಾದರು, ಬೆನ್ನು ತಿರುಗಿಸಿದರು. ಟೊಮ್ಯಾಟೊ ತೋಟದಲ್ಲಿದ್ದವರು, ಮೇಲಿನೂರಿನ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವರು, ಆಚೆಯೂರಿನ ಕಟ್ಟೆಯ ಮೇಲಿದ್ದವರು, ಎಲ್ಲರೂ. ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ. ಮೂರು ದಿಕ್ಕಿನಲ್ಲೂ ಕಣ್ಣು ಹಾಯುವವರೆಗೆ ಜನರ ಬೆನ್ನು. ಅಷ್ಟು ಬೆನ್ನುಗಳ ನಡುವೆ ನನ್ನ ಮುಖ ಒಂದೇ ದಿನ್ನೆಯ ಕಡೆಗಿತ್ತು. ನನಗೆ ಹೆದರಿಕೆಯಾಯಿತು. ಆ ಹೆದರಿಕೆಯನ್ನು ಒಪ್ಪಿಕೊಳ್ಳಲಾಗದೆ ಸಿಟ್ಟು ಬಂತು. ಸರ್ಕಾರಿ ಕೆಲಸ ಇದು ಎಂದು ಗೊಣಗಿ, ಬಗ್ಗಿ ದುರ್ಬೀನಿಗೆ ಕಣ್ಣಿಟ್ಟೆ.

ಹಳೆಯ ಯಂತ್ರದಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಆಕಾಶ ಕೆಳಗೆ, ನೆಲ ಮೇಲೆ. ನಮಗೆ ಅದು ಅಭ್ಯಾಸ. ಕೋಲು ನೆಲದಿಂದ ಕೆಳಕ್ಕೆ ಇಳಿಬಿದ್ದಿತ್ತು, ತುದಿಯಲ್ಲಿ ಕೆಂಪು ಬಟ್ಟೆ. ಗಾಳಿ ಒಂದಿಷ್ಟೂ ಇರಲಿಲ್ಲ. ನಾನು ನೋಡುತ್ತಿದ್ದ ಹಾಗೇ ಕೋಲು ನಿಧಾನವಾಗಿ ಬಾಗಿತು. ಯಾರೋ ಭಾರ ಹಾಕಿದರೆ ಬಾಗುವ ಹಾಗೆ, ನಡುವಿನಿಂದ. ಕಣ್ಣು ತೆಗೆದು ನೋಡಿದೆ, ಕೋಲು ನೆಟ್ಟಗಿದೆ. ಗಾಜು ಒರೆಸಿ ಮತ್ತೆ ಕಣ್ಣಿಟ್ಟೆ, ಬಾಗಿದೆ. ಐದು ಸಲ ಓದಿದೆ, ಐದು ಸಲವೂ ಬೇರೆ ಬೇರೆ ಅಂಕಿ ಬಂತು.

"ಏನು ಕಂಡ್ರಿ ಅಂತ ನನಗೆ ಹೇಳಬೇಡಿ ಸ್ವಾಮಿ" ಎಂದ ಮುನಿಶಾಮಪ್ಪ, ತಿರುಗದೆಯೇ.

ಆಗ ಆ ಒಂಟಿ ಬಾಗಿಲಿನ ಮುದುಕಿ ದಿನ್ನೆ ಹತ್ತುತ್ತಿರುವುದು ಕಂಡಿತು. ಕೈಯಲ್ಲಿ ಹಿತ್ತಾಳೆ ಚೊಂಬು. ನಾನೂ ಹತ್ತಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಕೋಲಿನ ಬುಡಕ್ಕೆ ನೀರು ಸುರಿದು, ಕೋಲನ್ನೇ ಉದ್ದೇಶಿಸಿ ತೆಲುಗಿನಲ್ಲಿ ಏನೋ ಸಮಾಧಾನ ಹೇಳಿದಳು, ಹಸಿದ ಮಗುವಿಗೆ ಹೇಳುವ ದನಿಯಲ್ಲಿ. ಆಮೇಲೆ ನನಗೆ ಕೈ ಮುಗಿದಳು.

"ತೆಗಿ ನಾಯ್ನಾ. ನಿನಗೆ ಪುಣ್ಯ ಬರ್ತದೆ, ತೆಗಿ. ಮೂರೂರೂ ನೋಡ್ಬಿಡ್ತು. ನನ್ನ ಮಗನ ಮದುವೆ ಐತೆ ನಾಯ್ನಾ ಯುಗಾದಿ ಆದಮ್ಯಾಕೆ."

ನಾನು ಏನೆಂದೆ ಗೊತ್ತೇ? ಇನ್ನು ಹತ್ತು ನಿಮಿಷ ತಡೆಯಮ್ಮ, ರೀಡಿಂಗ್ ಮುಗಿದಿಲ್ಲ, ಎಂದೆ. ಈ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನಾನು ಇಳಿದು ಹೋಗಿ ಮತ್ತೆ ಯಂತ್ರಕ್ಕೆ ಕಣ್ಣಿಟ್ಟೆ. ಅವಳು ಆ ಹತ್ತು ನಿಮಿಷ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು, ಭಾರ ಆತುಕೊಂಡವಳಂತೆ. ಅವಳು ಹಿಡಿದಿದ್ದಷ್ಟು ಹೊತ್ತು ದುರ್ಬೀನಿನಲ್ಲಿ ಕೋಲು ಬಾಗಲಿಲ್ಲ.

ಅವಳ ಹೆಸರು ಅಕ್ಕಯಮ್ಮ. ಒಬ್ಬನೇ ಮಗ ರಾಮಾಂಜಿನಪ್ಪ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸದಲ್ಲಿದ್ದವನು. ಮೇಲಿನೂರಿನ ನಾರಾಯಣಪ್ಪನ ಮಗಳ ಜೊತೆ ಮದುವೆ ಗೊತ್ತಾಗಿತ್ತು. ಆ ಸಂಜೆಯೇ ನಾರಾಯಣಪ್ಪ ತಾಂಬೂಲ ವಾಪಸು ಕಳಿಸಿದ. ಯಾಕೆ ಎಂದು ಮುನಿಶಾಮಪ್ಪ ಹಿಂದಿರುಗುವ ಬಸ್ಸಿನಲ್ಲಿ ಹೇಳಿದ.

ಪಾಳೇಗಾರರ ಕಾಲದಲ್ಲಿ ಅಕ್ಕಯಮ್ಮನ ಮನೆಯ ಹಿರೀಕನೊಬ್ಬ ಮೂರೂರ ಗಡಿಕಲ್ಲನ್ನು ಕಿತ್ತು, ಮೇಲಿನೂರ ನೆಲದೊಳಕ್ಕೆ ಎರಡು ಹೆಜ್ಜೆ ಸರಿಸಿದನಂತೆ. ಸಿಕ್ಕಿಬಿದ್ದ. ಸಂತೆಯ ದಿನ ಅವನ ಕೊರಳಿಗೆ ಕೆಂಪು ಕಣಗಿಲೆ ಮಾಲೆ ಹಾಕಿ, ಕತ್ತೆಯ ಮೇಲೆ ಕೂರಿಸಿ, ತಮಟೆ ಬಡಿಯುತ್ತ ಮೂರೂರ ಬೀದಿಯಲ್ಲೂ ಮೆರೆಸಿ, ಮಧ್ಯಾಹ್ನಕ್ಕೆ ಆ ದಿನ್ನೆಯ ಮೇಲೆ ಶೂಲಕ್ಕೆ ಏರಿಸಿದರು. ಸಾಯಲು ಎರಡು ದಿನ ಹಿಡಿಯಿತು. ನೀರು ಕೇಳಿದ. ಕೊಡಕೂಡದೆಂದು ಕಟ್ಟಪ್ಪಣೆಯಾಗಿತ್ತು. ಮೂರೂರ ಜನವೂ ನಿಂತು ನೋಡಬೇಕೆಂದು ಇನ್ನೊಂದು ಅಪ್ಪಣೆ. ಅವನ ಮನೆಯ ಬಾಗಿಲನ್ನು ಕೀಳಿಸಿ ದಿನ್ನೆಯ ಕಡೆಗೆ ಇಡಿಸಿದ್ದು ಮೂರನೆಯ ಅಪ್ಪಣೆ. ಪಾಳೇಗಾರ ಹೋದ, ಅವನ ಕೋಟೆ ಹೋಯಿತು. ಬಾಗಿಲು ಹಾಗೇ ಉಳಿಯಿತು.

ಅಂದಿನಿಂದ ಯುಗಾದಿ ಅಮಾವಾಸ್ಯೆಯ ಮಧ್ಯಾಹ್ನ ಮೂರೂರಿನವರೂ ದಿನ್ನೆಯ ಸುತ್ತ ಸೇರುತ್ತಾರೆ. ಸೇರಿ ಬೆನ್ನು ಕೊಡುತ್ತಾರೆ. ತಮ್ಮ ಹಿರೀಕರು ನೋಡಿದ್ದಕ್ಕೆ ಅದು ತಪ್ಪುಕಾಣಿಕೆ. ಆ ಮನೆಯವರು ಮಾತ್ರ ಹತ್ತಿ ಗುಳಿಗೆ ನೀರು ಹಾಕುತ್ತಾರೆ. ಆ ಮನೆಯ ಮದುವೆಯಲ್ಲಿ ಗಂಡಿಗೆ ಕೆಂಪು ಹೂವಿನ ಹಾರವಿಲ್ಲ, ತಮಟೆಯಿಲ್ಲ, ಮೆರವಣಿಗೆಯಿಲ್ಲ. ಇಷ್ಟೆಲ್ಲ ಮಾಡಿಕೊಂಡು ಬಂದು, ಹಳೆಯದು ಮುಗಿಯಿತು ಎಂದು ಮೇಲಿನೂರಿನವರು ಮೊದಲ ಸಲ ಆ ಮನೆಗೆ ಹೆಣ್ಣು ಕೊಡಲು ಒಪ್ಪಿದ್ದರು. ಅಷ್ಟರಲ್ಲಿ ನಾನು ಹೋಗಿ ಅದೇ ಗುಳಿಗೆ ಕಂಬ ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿ, ಮಧ್ಯಾಹ್ನದ ಹೊತ್ತಿಗೆ ಮೂರೂರಿಗೂ ತೋರಿಸಿದ್ದೆ. ಪಾಳೇಗಾರನ ಆಳು ಬಂದು ಮಾಡಿದ್ದರೂ ಇಷ್ಟು ಸರಿಯಾಗಿ ಮಾಡುತ್ತಿರಲಿಲ್ಲ.

ಮರುದಿನ ರಾಯರ ಎದುರು ನಿಂತು ಎಲ್ಲ ಹೇಳಿದೆ, ಕೋಲು ಬಾಗಿದ್ದನ್ನೂ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ಕೊಲ್ಲೋದಕ್ಕೆ ಒಂದು ಗುಂಡಿ ಸಾಕು ಮೂರ್ತಿ. ಕೋಟೆ ಹಿಂದೆ ಕರಕೊಂಡು ಹೋಗಿ ಮುಗಿಸಬಹುದಿತ್ತು. ಅಷ್ಟು ಎತ್ತರಕ್ಕೆ ಯಾಕೆ ಏರಿಸಿದ್ರು ಹೇಳು?"

"ಹೆದರ್ಸೋಕೆ ಸಾರ್."

"ಅದೊಂದೇ ಅಲ್ಲ. ಆಗೆಲ್ಲಿ ನಕ್ಷೆ ಇತ್ತು, ಜಮೀನಿನ ಲೆಕ್ಕ ಬರೆಯೋ ಆಕಾರಬಂದ್ ಇತ್ತು? ನನ್ನ ಆಳ್ವಿಕೆ ಇಲ್ಲಿವರೆಗೆ ಅಂತ ದೊರೆ ಹೆಂಗೆ ಬರೀಬೇಕು? ಮನುಷ್ಯನ ಮೈಮೇಲೆ ಬರೀತಿದ್ದ. ಕದ್ದವನ ಕೈ ಕಡಿದು ಸಂತೇಲಿ ಕಟ್ಟೋರು, ಸುಳ್ಳು ಹೇಳಿದವನ ನಾಲಿಗೆ ಕೀಳೋರು, ತಪ್ಪೇನು ಅಂತ ಓದಬರದವನಿಗೂ ತಿಳೀಬೇಕು. ಇವನು ಗಡಿಕಲ್ಲು ಕಿತ್ತ. ಅವನನ್ನೇ ಗಡಿಕಲ್ಲು ಮಾಡಿ ನಿಲ್ಸಿದ್ರು."

ಅವರು ಮತ್ತೆ ಹೇಳಿದರು: "ಮಾಲೆ ಹಾಕಿದ್ದು, ಮೆರೆಸಿದ್ದು ನೋಡು. ಮದುವೆ ಗಂಡಿಗೆ ಮಾಡೋದನ್ನೆಲ್ಲಾ ಮಾಡಿದಾರೆ. ಜನ ಮದುವೆ ಮನೆಗೆ ಬಂದಂಗೆ ಬರಲಿ, ಬಂದು ತಾವೂ ಪಾಲುದಾರರಾಗಲಿ ಅಂತ. ನೋಡಿದವನು ಆಮೇಲೆ ದೊರೆನ ಬಯ್ಯಂಗಿಲ್ಲ. ತಾನೂ ಅಲ್ಲಿದ್ದನಲ್ಲ."

ಆ ಮಾತು ಕೇಳುವಾಗ ನನ್ನ ಮನಸ್ಸಿಗೆ ಇನ್ನೊಂದು ಹೊಳೆಯಿತು. ಆ ಗುಳಿ ಇರುವ ಜಾಗ ಮೂರೂರಿಗೂ ಅಡ್ಡಿಯಿಲ್ಲದೆ ಕಾಣುತ್ತದೆ. ನಾನು ಕೋಲು ನೆಡಲು ಅದೇ ಜಾಗ ಆರಿಸಿದ್ದು ಅದೇ ಕಾರಣಕ್ಕೆ. ಎಂದರೆ ಅಂದು ಯಾರೋ ಒಬ್ಬ ದಿನ್ನೆಯ ಮೇಲೆ ಓಡಾಡಿ, ಬಗ್ಗಿ ಎದ್ದು, ಮೂರು ದಿಕ್ಕಿಗೂ ಕಣ್ಣು ಹಾಯಿಸಿ, ಇಲ್ಲಿ ಕೊರೆಯಿರಿ ಎಂದು ಕೈ ತೋರಿಸಿದ್ದಾನೆ. ಅವನು ನನ್ನ ಕಸುಬಿನವನೇ.

"ಏನು ಮಾಡಲಿ ಸಾರ್?" ಎಂದೆ.

"ಮೂರೂರು ನೋಡ್ತಲ್ಲ? ಮೂರೂರ ಎದುರಿಗೇ ಹೋಗು."

ನಾರಾಯಣಪ್ಪನ ಮನೆಗೆ ಹೋದೆ. ಅವನು ಕೆಟ್ಟವನಲ್ಲ, ಹೆದರಿದ ತಂದೆ. "ಇವತ್ತು ನೀವು ನೆಟ್ರಿ. ನಾಳೆ ಇನ್ನೊಬ್ಬ ಸರ್ವೇಯರ್ ಬರ್ತಾನೆ, ಅವನೊಂದು ಕಂಬ ನೆಡ್ತಾನೆ. ಆ ತೂತು ಇರೋವರೆಗೂ ನನ್ನ ಮಗಳು ಆ ಬಾಗಿಲಲ್ಲಿ ಕಾಲಿಡಲ್ಲ ಸ್ವಾಮಿ" ಎಂದ. ಅಕ್ಕಯಮ್ಮನೂ ಅದನ್ನೇ ಬೇರೆ ರೀತಿ ಹೇಳಿದಳು.

"ಆ ತೂತಿಗೆ ಕಲ್ಲು ಹಾಕು ನಾಯ್ನಾ. ಯಾರೂ ಕೀಳಬಾರದ ಕಲ್ಲು ಹಾಕು."

ಯಾರೂ ಕೀಳಬಾರದ ಕಲ್ಲು ಎಂದರೆ ಒಂದೇ, ಸರ್ಕಾರದ ಗಡಿಕಲ್ಲು. ಬೇರೆ ಏನು ಹಾಕಿದರೂ ನಿಧಿಯ ಆಸೆಗೆ ಯಾರಾದರೂ ಒಂದು ದಿನ ಅಗೆಯುತ್ತಾರೆ. ಹೇಗೂ ನಾನು ಅಲ್ಲಿಗೆ ಗಡಿಕಲ್ಲು ನೆಡಲೆಂದೇ ಬಂದವನು. ಇಷ್ಟೇನಾ ಎಂದು ಹಗುರಾಗಿ, ಮತ್ತೊಮ್ಮೆ ದಾಖಲೆಯ ಪ್ರಕಾರ ಮೂರೂ ಕಡೆಯಿಂದ ಸರಪಳಿ ಹಿಡಿಸಿದೆ. ಈ ಸಲ ಕೋಲು ನೆಡಲಿಲ್ಲ, ಬರೀ ಗೂಟ. ಮೂರೂ ಗೆರೆ ಕೂಡಿದ ಜಾಗ ಗುಳಿಯಲ್ಲ. ಗುಳಿಗಿಂತ ಮೂರು ಆಣೆ ಈಚೆಗೆ, ಕೆಳಗಿನೂರ ಕಡೆಗೆ. ಮತ್ತೆ ಹಿಡಿಸಿದೆ, ಅಷ್ಟೇ ಬಂತು.

ಮುನಿಶಾಮಪ್ಪ ಗೂಟದಿಂದ ಗುಳಿಯವರೆಗೆ ನಡೆದ. "ಎರಡು ಹೆಜ್ಜೆ ಸ್ವಾಮಿ" ಎಂದ ಮೆಲ್ಲಗೆ.

ಅವನು ಕದ್ದದ್ದು ಅಷ್ಟೇ ನೆಲ. ಒಬ್ಬ ಆಳು ಮಲಗುವಷ್ಟು. ಅವನು ಸರಿಸಿ ನೆಟ್ಟ ಜಾಗದಲ್ಲೇ ಅವನನ್ನು ನೆಟ್ಟಿದ್ದರು. ಈಗ ನಾನು ಗುಳಿಗೆ ಕಲ್ಲು ಹಾಕಿದರೆ ಮೇಲಿನೂರ ನೆಲದೊಳಕ್ಕೆ ಮೂರು ಆಣೆ ಗಡಿ ಸರಿಯುತ್ತದೆ. ಅವನು ಮಾಡಿದ ತಪ್ಪನ್ನೇ, ಅದೇ ಜಾಗದಲ್ಲಿ, ಅಷ್ಟೇ ಅಳತೆಗೆ, ಸರ್ಕಾರದ ಸಂಬಳ ತಿನ್ನುವ ನಾನು ಮಾಡಬೇಕು. ಗೂಟದ ಜಾಗಕ್ಕೆ ಹಾಕಿದರೆ ನಾನು ಸರಿ, ಗುಳಿ ಬಾಯಿ ತೆರೆದೇ ಇರುತ್ತದೆ. ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಕೋಲನ್ನು ಆತುಕೊಂಡು ನಿಂತ ಅಕ್ಕಯಮ್ಮ.

ಯುಗಾದಿ ಅಮಾವಾಸ್ಯೆಯ ದಿನ ಮೂರೂರ ಜನ ಸೇರಿದರು. ನಾನು ಮೊದಲು ಅಕ್ಕಯಮ್ಮನ ಹೊಸ್ತಿಲಿಗೆ ಹೋಗಿ ನೀರು ಕೇಳಿ ಕುಡಿದೆ. ಆ ಹೊಸ್ತಿಲ ಮೇಲೆ ಕೂತರೆ ದಿನ್ನೆಯ ನೆತ್ತಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಹೆಂಗಸರು ತಲೆತಲಾಂತರದಿಂದ ಅಕ್ಕಿ ಆರಿಸಿದ್ದು, ಮಕ್ಕಳಿಗೆ ಹಾಲು ಕೊಟ್ಟದ್ದು ಅದನ್ನು ನೋಡುತ್ತಲೇ. ಆಮೇಲೆ ದಿನ್ನೆ ಹತ್ತಿ, ಜನರ ಕಡೆ ತಿರುಗಿ ಹೇಳಿದೆ.

"ಕೇಳದೆ ಕಂಬ ನೆಟ್ಟೆ. ಅಮ್ಮ ಬೇಡ ಅಂದ್ರೂ ತೆಗೀಲಿಲ್ಲ. ತಪ್ಪು ನಂದು, ಆ ಮನೇದಲ್ಲ. ದಾಖಲೆ ಪ್ರಕಾರ ಕಲ್ಲು ಇಲ್ಲಿ ಬರಬೇಕು, ಈ ಗೂಟದ ಹತ್ರ. ಆ ಗುಳಿಗೆ ಹಾಕಿದ್ರೆ ಮೇಲಿನೂರಿಗೆ ಮೂರು ಆಣೆ ನಷ್ಟ. ನೀವೇ ಹೇಳಿ."

ನಾರಾಯಣಪ್ಪ ಗೂಟ ನೋಡಿದ, ಗುಳಿ ನೋಡಿದ, ಅಕ್ಕಯಮ್ಮನ ಚೊಂಬು ನೋಡಿದ. ಅವನ ಮಗಳು ಹೆಂಗಸರ ಗುಂಪಿನಲ್ಲಿ ನಿಂತಿದ್ದಳು. ಮೊದಲು ಬೆನ್ನು ತಿರುಗಿಸಿದವಳು ಅವಳು. ಆಮೇಲೆ ನಾರಾಯಣಪ್ಪ ತಿರುಗಿದ. ಆಮೇಲೆ ಮೇಲಿನೂರು ಪೂರ್ತಿ, ಉಳಿದೆರಡು ಊರು. ಅಷ್ಟು ಜನ ತಿರುಗುವಾಗ ಮಣ್ಣು ಉಜ್ಜಿದ ಸದ್ದು ಮಾತ್ರ ಕೇಳಿಸಿತು.

ಆಗ ನಾನು ಎದುರು ನೋಡದ ಒಬ್ಬರು ದಿನ್ನೆ ಹತ್ತಿ ಬಂದರು. ರಾಯರು. ಹೊಸ ಗಡಿಕಲ್ಲಿಗೆ ಮೇಲ್ವಿಚಾರಕರು ಬಂದು ತಾಳೆ ನೋಡಬೇಕು ಎಂಬ ನಿಯಮವಿತ್ತು, ಹಾಗಾಗಿ ಬಂದಿದ್ದರು. ಯಾರ ಜೊತೆಗೂ ಮಾತಾಡದೆ ಟೇಪು ತೆಗೆದು, ಒಂದು ತುದಿಯನ್ನು ಮುನಿಶಾಮಪ್ಪನ ಕೈಗೆ ಕೊಟ್ಟು, ಗೂಟದಿಂದ ಗುಳಿಗೆ ತಾವೇ ಅಳೆದರು. ಆರು ಅಡಿ ಎರಡು ಅಂಗುಲ. ಅರ್ಧ ಆಣೆಗೆ ನಕ್ಷೆ ಹರಿಯುತ್ತಿದ್ದ ಮನುಷ್ಯ. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅವರು ಟೇಪು ಸುತ್ತಿ ಚೀಲಕ್ಕೆ ಹಾಕಿದರು, ನನ್ನನ್ನು ಒಂದು ಸಲ ನೋಡಿದರು, ಆಮೇಲೆ ಗುಳಿಗೆ ಬೆನ್ನು ಮಾಡಿ ನಿಂತರು.

"ಬರ್ಕೋ ಮೂರ್ತಿ. ದಾಖಲೆ ಪ್ರಕಾರ ಸರಿ ಇದೆ."

ತಮ್ಮ ಇಡೀ ನೌಕರಿಯಲ್ಲಿ ಅವರು ಬರೆಸಿದ ಸುಳ್ಳು ಅದೊಂದೇ ಎಂದು ನನ್ನ ನಂಬಿಕೆ. ಸಾಯುವವರೆಗೂ ಅದರ ಬಗ್ಗೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಕ್ಕಯಮ್ಮ ಕೊನೆಯ ಸಲ ಗುಳಿಗೆ ನೀರು ಹಾಕಿದಳು. ಗಟಗಟ ಎಂದು ಬಹಳ ಹೊತ್ತು ಇಳಿಯಿತು. ಮೊಳದುದ್ದದ ಗುಳಿಗೆ ಅಷ್ಟು ನೀರು ಹಿಡಿಯಬಾರದು. ಆಮೇಲೆ ಬುಡ ಕೆತ್ತಿಸಿ ತಂದಿದ್ದ ಕಲ್ಲನ್ನು ನಾನೂ ಮುನಿಶಾಮಪ್ಪನೂ ಇಳಿಸಿ, ಸಂದಿಗೆ ಸಿಮೆಂಟು ಗಾರೆ ಬಡಿದೆವು. ಮುನಿಶಾಮಪ್ಪ ಕಣ್ಣು ಮುಚ್ಚಿಕೊಂಡೇ ಬಡಿದ. ಕಣ್ಣು ತೆರೆದಿದ್ದವರು ನಾನು, ಅಕ್ಕಯಮ್ಮ.

ಮದುವೆಯಾಯಿತು. ಆ ಮನೆಯ ಗಂಡಿಗೆ ಮೊದಲ ಸಲ ಕೆಂಪು ಹೂವಿನ ಹಾರ ಬಿತ್ತು. ತಮಟೆ ಬಡಿದುಕೊಂಡು ಮೂರೂರ ಬೀದಿಯಲ್ಲೂ ಮೆರವಣಿಗೆ ಮಾಡಿದರು. ನಾನೂ ಹೋಗಿದ್ದೆ. ಜನ ಬಾಗಿಲಿಗೆ ಬಂದು ನಿಂತು ಕಣ್ತುಂಬ ನೋಡಿದರು. ಅಕ್ಕಯಮ್ಮ ಅಳುತ್ತಿದ್ದಳು, ನನಗೂ ಅಳು ಬಂತು. ಬಾಗಿಲನ್ನು ಇನ್ನಾದರೂ ಬೇರೆ ಕಡೆಗೆ ತಿರುಗಿಸಮ್ಮ ಎಂದೆ. "ಬೇಡ ನಾಯ್ನಾ. ನಾವೂ ಮುಖ ತಿರುಗಿಸ್ಬಿಟ್ರೆ ಅವನಿಗೆ ಯಾರವ್ರೆ?" ಎಂದಳು.

ಅವಳು ತೀರಿಕೊಂಡ ಹದಿನೈದನೇ ದಿನ ರಾಮಾಂಜಿನಪ್ಪ ಚಿಂತಾಮಣಿಗೆ ನಮ್ಮ ಮನೆ ಹುಡುಕಿಕೊಂಡು ಬಂದ. ಟವೆಲಿನಲ್ಲಿ ಸುತ್ತಿ ತಂದಿದ್ದದ್ದು ಅದೇ ಹಿತ್ತಾಳೆ ಚೊಂಬು.

"ಅಮ್ಮ ಹೇಳ್ಹೋಗವಳೆ ಸ್ವಾಮಿ. ನಮ್ಮನೆಯವ್ರನ್ನ ಬಿಟ್ರೆ ಅವನನ್ನ ನೋಡಿದೋರು ನೀವೊಬ್ರೇ ಅಂತೆ. ನೋಡಿದೋರೇ ನೀರು ಹಾಕ್ಬೇಕಂತೆ."

ಚೊಂಬು ಇಸಕೊಂಡೆ. ಅಂದಿನಿಂದ ಪ್ರತಿ ಯುಗಾದಿ ಅಮಾವಾಸ್ಯೆಗೆ ನಾನು ಹೋಗುತ್ತಿದ್ದೇನೆ. ಮನೆಯಲ್ಲಿ ಕೈವಾರಕ್ಕೆ ಹೋಗಿಬರುತ್ತೇನೆ ಎಂದು ಹೇಳಿ ಹೊರಡುತ್ತಿದ್ದೆ. ಇದನ್ನು ಓದಿದ ಮೇಲೆ ಹೆಂಡತಿ ಬಯ್ಯುತ್ತಾಳೆ, ಬಯ್ಯಲಿ.

ಇಷ್ಟನ್ನೂ ಬರೆದು ಶಿಲ್ಪಳಿಗೆ ಕಳಿಸಿದೆ. ಗಡಿ ಸರಿಸಿದವನಿಗೆ ಒಂದು ಕಾಲದಲ್ಲಿ ಶೂಲ ಸಿಕ್ಕಿತು, ನನಗೆ ಪಿಂಚಣಿ ಸಿಕ್ಕಿದೆ. ನೀನು ಕಲ್ಲು ಸರಿಸಿದರೂ ವರದಿ ಬರೆದರೂ ನನಗೆ ಬೇಸರವಿಲ್ಲ, ಗುಳಿ ತೆರೆಯುವ ಮುಂಚೆ ಅಮಾವಾಸ್ಯೆಗೆ ಒಂದು ಸಲ ಬಾ, ಬಂದರೆ ಮೊದಲು ಆ ಮನೆಯಲ್ಲಿ ನೀರು ಕುಡಿ ಎಂದು ಕೊನೆಗೆ ಸೇರಿಸಿದ್ದೆ. ಅವಳು ಉತ್ತರ ಬರೆಯಲಿಲ್ಲ. ಅಮಾವಾಸ್ಯೆ ಮುಗಿದು ವಾರವಾಯಿತು. ಉಳಿದದ್ದನ್ನು ಈಗ ಸೇರಿಸುತ್ತಿದ್ದೇನೆ.

ಅವಳು ಬಂದಳು. ರಾಮಾಂಜಿನಪ್ಪನ ಹೆಂಡತಿಯ ಕೈಯಿಂದ ನೀರು ಇಸಕೊಂಡು ಕುಡಿದು, ಹೆಗಲ ಮೇಲೆ ರೋವರ್ ಹೊತ್ತು ದಿನ್ನೆ ಹತ್ತಿದಳು. ಅದಕ್ಕೂ ಒಂದು ಉದ್ದನೆಯ ಕೋಲಿದೆ, ಬುಡಕ್ಕೆ ಚೂಪು. ಕಲ್ಲಿನ ಹತ್ತಿರ ನಿಂತು ಪರದೆ ನೋಡಿದಳು, ಈಚೆ ಎರಡು ಹೆಜ್ಜೆ ಬಂದು ಮತ್ತೆ ನೋಡಿದಳು. ಆಮೇಲೆ ರೋವರನ್ನು ಆಫ್ ಮಾಡಿ, ಕೋಲನ್ನು ಕಲ್ಲಿಗೂ ಹಳೆಯ ಗೂಟದ ಜಾಗಕ್ಕೂ ನಡುವೆ ನೆಲದ ಮೇಲೆ ಉದ್ದಕ್ಕೆ ಮಲಗಿಸಿದಳು. ಅಷ್ಟು ಜಾಗಕ್ಕೆ ಅದು ಸರಿಹೋಯಿತು. ಅದನ್ನು ಮಲಗಿಸಿ, ಅವಳೂ ಜನರ ಹಾಗೆ ಬೆನ್ನು ತಿರುಗಿಸಿ ನಿಂತಳು.

ನಾನು ಕಲ್ಲಿನ ಬುಡಕ್ಕೆ ನೀರು ಸುರಿದೆ. ಆ ಗುಳಿಯನ್ನು ನಾನೇ ನನ್ನ ಕೈಯಾರೆ ಗಾರೆ ಹಾಕಿ ಮುಚ್ಚಿದ್ದು. ಗಾರೆ ಎಲ್ಲೂ ಬಿರುಕು ಬಿಟ್ಟಿಲ್ಲ, ಪ್ರತಿ ವರ್ಷ ಕೈಯಾಡಿಸಿ ನೋಡುತ್ತೇನೆ. ಬಂಡೆಯ ಮೇಲೆ ಬಿದ್ದ ನೀರು ಹರಿದು ಕೆಳಗೆ ಹೋಗಬೇಕು. ಹರಿಯುವುದಿಲ್ಲ. ಕಲ್ಲಿನ ಸುತ್ತ ಒಂದು ಕ್ಷಣ ನಿಂತು, ಸಣ್ಣ ಸದ್ದು ಮಾಡಿಕೊಂಡು ಇಳಿಯುತ್ತದೆ. ಚೊಂಬು ಖಾಲಿಯಾಯಿತು. ಶಿಲ್ಪ ತಂದಿದ್ದ ಬಾಟಲಿ ಪಕ್ಕದಲ್ಲಿತ್ತು, ಅದನ್ನೂ ಸುರಿದೆ.

"ಸಾರ್, ಆಯ್ತಾ? ತಿರುಗ್ಲಾ?" ಎಂದಳು ಅವಳು ಮೆಲ್ಲಗೆ.

"ಇನ್ನೂ ಇಲ್ಲಮ್ಮ" ಎಂದೆ. "ಕುಡೀತಾ ಇದಾನೆ."